ಗೋಡೆಯಾಚೆಯ ಮುಯ್ಯಾಳು

ಶಾಂತಮಲ್ಲಮ್ಮನಿಗೆ ಸಹಿಸಲಾಗದ ಸಂಗತಿ ಒಂದೇ ಒಂದು: ಇನ್ನೊಬ್ಬರ ಮುಯ್ಯಿ ತನ್ನ ತಲೆಯ ಮೇಲಿರುವುದು. ಚಂದಕವಾಡಿಯ ಸುತ್ತಮುತ್ತ ರೇಷ್ಮೆ ಸಾಕುವವರಿಗೆ ಮುಯ್ಯಾಳು ಅಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ದಿನ ನಿನ್ನ ಮನೆಯ ಕೆಲಸಕ್ಕೆ ನಾನು ಬರುತ್ತೇನೆ, ಇನ್ನೊಂದು ದಿನ ನನ್ನ ಮನೆಯ ಕೆಲಸಕ್ಕೆ ನೀನು ಬರಬೇಕು. ಕೂಲಿಯಿಲ್ಲ, ಮಧ್ಯಾಹ್ನದ ಊಟ ಮಾತ್ರ ಉಂಟು. ಉಳಿದವರು ಇದನ್ನು ಮರೆತು, ನೆನೆದು, ಜಗಳವಾಡಿ, ರಾಜಿಯಾಗಿ ಹೇಗೋ ವರ್ಷಗಟ್ಟಲೆ ಎಳೆದಾಡುತ್ತಾರೆ. ಇವಳು ಹಾಗಲ್ಲ. ಯಾರಾದರೂ ಬಂದು ದುಡಿದು ಹೋದರೆ, ಮುಂದಿನ ಬೆಳೆಗೆ ಮೊದಲೇ ಅವರ ಮನೆಗೆ ಹೋಗಿ ದುಡಿದು ಬಂದರೇ ಸಮಾಧಾನ. “ಮುಯ್ಯಿ ಮಡಿಕ್ಕಂಡು ಮನಿಕ್ಕಂಡ್ರೆ ಸೊಂಟ ನೋಯ್ತದ ಕಣಮ್ಮಿ” ಎಂದು ಮಗಳು ಭವ್ಯಳಿಗೆ ಹೇಳುತ್ತಿದ್ದಳು. ಇದು ಒಳ್ಳೆಯ ಗುಣವೋ ಜಂಬವೋ ಎಂದು ಕೇಳಿದರೆ ಎರಡೂ ಇತ್ತು ಅನ್ನಬೇಕು.

ಜಂಬಪಡುವಂಥ ಕೈಯೇ ಅವಳದು. ಗುಂಡ್ಲುಪೇಟೆ ಕಡೆಯ ರಾಗಿ ಹೊಲದಲ್ಲಿ ಹುಟ್ಟಿ ಬೆಳೆದವಳು, ಮದುವೆಯಾಗಿ ಈ ಊರಿಗೆ ಬರುವ ತನಕ ರೇಷ್ಮೆ ಹುಳುವನ್ನು ಕಣ್ಣಿಂದ ಕಂಡವಳಲ್ಲ. ಮೊದಲ ಸಲ ಮುಟ್ಟಿದಾಗ ಕಿರುಚಿ ತಟ್ಟೆಯನ್ನೇ ಬೀಳಿಸಿದ್ದಳಂತೆ. ಅಂಥವಳು ಈಗ ಹಣ್ಣುಹುಳು ಆರಿಸಲು ಕೂತರೆ ಬೀದಿಯ ಹೆಂಗಸರು ತಮ್ಮ ಕೈ ನಿಲ್ಲಿಸಿ ನೋಡುತ್ತಿದ್ದರು. ನಾಲ್ಕು ಸಲ ಜ್ವರ ಮಲಗಿ, ಅಂದರೆ ಪೊರೆ ಕಳಚಿ, ಎದ್ದ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಆಮೇಲೆ ತಿನ್ನುವುದನ್ನು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದೇ ಹಣ್ಣುಹುಳು. ಅದನ್ನು ಮಿಕ್ಕವುಗಳ ನಡುವಿನಿಂದ ಆರಿಸಿ ಬಿದಿರಿನ ಚಂದ್ರಂಕಿಯ ಸುರುಳಿಗಳಲ್ಲಿ ಬಿಡಬೇಕು. ಆತುರಪಟ್ಟು ಬಿಟ್ಟರೆ ಗೂಡು ತೆಳ್ಳಗಾಗುತ್ತದೆ. ತಡಮಾಡಿದರೆ ತಟ್ಟೆಯಲ್ಲೇ ಕಡ್ಡಿ, ಹಿಕ್ಕೆಗಳ ನಡುವೆ ನೂಲು ಸುತ್ತಿಕೊಂಡು ಬೆಳೆಯೆಲ್ಲ ಹಾಳಾಗುತ್ತದೆ. ಹಾಗಾಗಿ ಹುಳು ಹಣ್ಣಾದ ದಿನ ಮನೆಯವರು ಸಾಲದು, ಬೀದಿಯೇ ಬರಬೇಕು.

ಈ ಸಲ ಶಾಂತಮಲ್ಲಮ್ಮನ ತಲೆಯ ಮೇಲಿದ್ದದ್ದು ಪಕ್ಕದ ಮನೆಯ ಪುಟ್ಟಮಲ್ಲಮ್ಮನ ಮುಯ್ಯಿ. ಹಿಂದಿನ ಬೆಳೆಯಲ್ಲಿ ಶಾಂತಮಲ್ಲಮ್ಮನ ಹುಳುವೆಲ್ಲ ಒಟ್ಟಿಗೆ ಹಣ್ಣಾಗಿಬಿಟ್ಟಾಗ ಈ ಹೆಂಗಸು ತನ್ನ ಹುರುಳಿ ಕಣವನ್ನು ಹಾಗೇ ಬಿಟ್ಟು ಬಂದು ಕೂತಿದ್ದಳು. ಪುಟ್ಟಮಲ್ಲಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ; ಒಂದು ತುಂಡು ಹಿಪ್ಪುನೇರಳೆ ತೋಟ, ವರ್ಷಕ್ಕೆ ನಾಲ್ಕೈದು ಬೆಳೆ, ಅದರಲ್ಲೇ ಜೀವನ. ಅವಳ ಹುಳು ಹಣ್ಣಾಗುವ ದಿನಕ್ಕೆ ಶಾಂತಮಲ್ಲಮ್ಮ ಕಾಯುತ್ತಿದ್ದಳು. ತನ್ನ ತೋಟವನ್ನು ಕಟಾವು ಮಾಡಿ ಸೊಪ್ಪಿಲ್ಲದ್ದರಿಂದ ಈ ಸಲ ಮನೆಯಲ್ಲಿ ಹುಳುವಿರಲಿಲ್ಲ, ಕೈ ಖಾಲಿಯಿತ್ತು. ಎಲ್ಲ ಸರಿಯಾಗಿ ಕೂಡಿಬಂದಿತ್ತು ಅನ್ನುವಷ್ಟರಲ್ಲಿ ಬೀದಿಗೆ ಅಮ್ಮ ಬಂತು.

ಆಗಿನ್ನೂ ಜಿಲ್ಲೆ ಮೈಸೂರೇ, ಚಾಮರಾಜನಗರ ಬರೀ ತಾಲ್ಲೂಕು. ತೊಂಬತ್ತಮೂರನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಆಸ್ಪತ್ರೆಯವರು ಸೀತಾಳೆ ಸಿಡುಬು ಅನ್ನುವುದನ್ನು ಊರಿನವರು ಅಮ್ಮ ಅನ್ನುತ್ತಾರೆ. ಮೊದಲು ಬೀದಿಯ ಕೊನೆಯ ಮನೆಯಲ್ಲಿ ಒಂದು ಮಗುವಿನ ಮೈಮೇಲೆ ನೀರುಗುಳ್ಳೆ ಎದ್ದವು. ಬರಬರುತ್ತ ಸಾಲಿನ ಮನೆಗಳ ಬಾಗಿಲಿಗೆಲ್ಲ ಬೇವಿನ ಸೊಪ್ಪು ಬಿತ್ತು. ಚಂದಕವಾಡಿ ಆಸ್ಪತ್ರೆಯ ನರ್ಸಮ್ಮ ಬಂದು, ಹೊಪ್ಪಳೆ ಉದುರುವ ತನಕ ಯಾರೂ ಯಾರ ಮನೆಗೂ ಹೋಗಬೇಡಿ ಎಂದು ಹೇಳಿದಳು. ಊರ ಹಿರಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೀದಿಯ ಬಾಯಿಗೇ ಬೇವಿನ ತೋರಣ ಕಟ್ಟಿದರು. ಈ ಕಡೆಯವರು ಆಚೆ ಹೋಗುವಂತಿಲ್ಲ, ಆ ಕಡೆಯವರು ಈಚೆ ಬರುವಂತಿಲ್ಲ. ಭವ್ಯಳ ಕುತ್ತಿಗೆಯ ಮೇಲೆ ಗುಳ್ಳೆ ಕಂಡ ಬೆಳಿಗ್ಗೆ ಶಾಂತಮಲ್ಲಮ್ಮ ತಾನೇ ಬೇವು ಮುರಿದು ತಂದು ಬಾಗಿಲಿಗೆ ಸಿಕ್ಕಿಸಿ, ಒಳಗೆ ಬಂದು ಕೂತಳು.

ಕೂತಳು ಅನ್ನುವುದು ಬರೆಯಲು ಸುಲಭ. ಮನೆಯಲ್ಲಿ ಕೂತು ಅಭ್ಯಾಸವೇ ಇಲ್ಲದ ಹೆಂಗಸು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಕುಟ್ಟುವಂತಿಲ್ಲ, ಬೀಸುವಂತಿಲ್ಲ. ಗುಡಿಸಿ ಸಾರಿಸಿ ಮಗಳಿಗೆ ಗಂಜಿ ಕುಡಿಸಿದರೆ ಕೆಲಸ ಮುಗಿಯಿತು. ಗಂಡ ದೊರೆಸ್ವಾಮಿ ಗುಂಡ್ಲುಪೇಟೆ ಆಚೆಯ ಮದ್ದೂರು ಕಾಡಿನಲ್ಲಿ ವಾಚರ್. ಚಿಕ್ಕಂದಿನಲ್ಲಿ ಅವನಿಗೆ ಅಮ್ಮ ಬಂದಿರಲಿಲ್ಲವಾದ್ದರಿಂದ ಬರಬೇಡವೆಂದು ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದ್ದಾಯಿತು. ಅವನು ಆದರೂ ಬಂದ. ಬೇವಿನ ತೋರಣದ ಆಚೆ ನಿಂತು, ಬಾಳೆಹಣ್ಣಿನ ಗೊನೆ ಕೆಳಗಿಟ್ಟು, “ಕೂಸು ಹೆಂಗದ?” ಎಂದು ಕೂಗಿದ. “ಕೂಸು ಸಂದಾಗದ, ನೀ ಓಗು!” ಎಂದು ಇವಳು ಬಾಗಿಲಿಂದಲೇ ಗದರಿದಳು. ಒಂಟಿ ಆನೆ ಎದುರಾದರೂ ಜಗ್ಗದವನು ಹೆಂಡತಿಯ ದನಿಗೆ ಅದೇ ಬಸ್ಸಿನಲ್ಲಿ ವಾಪಸಾದ. ಅವನು ಹೋದ ಮೇಲೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಭವ್ಯ ಮಾತ್ರ ನೋಡಿದಳು.

ಆದರೆ ಬಾಗಿಲು ಮುಚ್ಚಿದ ಬೀದಿ ಸತ್ತ ಬೀದಿಯಾಗಲಿಲ್ಲ. ಬೀದಿಯ ಯಜಮಾನ ಗುರುಮಲ್ಲಯ್ಯನ ಮನೆಗೂ ಅಮ್ಮ ಬಂದಿತ್ತು. ಅವನು ಸಂಜೆಯಾಗುತ್ತಲೇ ರೇಡಿಯೊವನ್ನು ಜಗಲಿಯ ತುದಿಗೆ ತಂದಿಟ್ಟು ಕಿವಿ ಹಿಂಡಿದಂತೆ ತಿರುಗಿಸಿ ದನಿ ದೊಡ್ಡದು ಮಾಡುತ್ತಿದ್ದ. ಎಲ್ಲರೂ ತಂತಮ್ಮ ಜಗಲಿಯಲ್ಲೇ ಕೂತು ಮೈಸೂರು ಆಕಾಶವಾಣಿ ಕೇಳುವರು. ವಾರ್ತೆ ಮುಗಿದ ಮೇಲೆ ಒಗಟುಗಳು ಶುರು. ಒಂದು ಜಗಲಿಯಿಂದ ಹೊರಟ ಒಗಟಿಗೆ ಮೂರನೇ ಜಗಲಿಯಿಂದ ಉತ್ತರ ಬರುತ್ತಿತ್ತು. ತಪ್ಪು ಹೇಳಿದವರನ್ನು ಇಡೀ ಸಾಲು ಗೇಲಿ ಮಾಡುತ್ತಿತ್ತು. ಇಷ್ಟು ವರ್ಷ ಕೆಲಸದ ಗಡಿಬಿಡಿಯಲ್ಲಿ ಮುಖ ನೋಡಿ ಮಾತಾಡದಿದ್ದವರು ಮುಖ ಕಾಣದಷ್ಟು ದೂರ ಕೂತು ಮನಸಾರೆ ಮಾತಾಡಿದರು. ಶಾಂತಮಲ್ಲಮ್ಮನಿಗೂ ಇದು ಹಿಡಿಸಿತು. ಒಪ್ಪಿಕೊಳ್ಳಲು ಮಾತ್ರ ಬಿಗುಮಾನ.

ಅವಳಿಗೆ ಹಿಡಿಸದೇ ಇದ್ದದ್ದು ಪುಟ್ಟಮಲ್ಲಮ್ಮನ ಉಪಕಾರ. ಸಾಲಿನಲ್ಲಿ ಅಮ್ಮ ಬಾರದೆ ಉಳಿದದ್ದು ಅವಳ ಮನೆ ಒಂದೇ. ಅವಳು ಹಿಂದಿನ ಓಣಿಯಿಂದ ತೋಟಕ್ಕೆ ಹೋಗಿ ಸೊಪ್ಪು ಕುಯ್ದು ತರುವಾಗ ದಾರಿಯಲ್ಲಿ ಸಿಕ್ಕಿದ ನುಗ್ಗೆಸೊಪ್ಪು, ಎಳನೀರು, ಒಂದಿಷ್ಟು ಮಜ್ಜಿಗೆ ತಂದು ಹಿತ್ತಿಲ ಮೋಟುಗೋಡೆಯ ಮೇಲಿಟ್ಟು, “ಸಾಂತವ್ವ, ಮಡಗಿವ್ನಿ ನೋಡು” ಎಂದು ಕೂಗಿ ಸರಿದು ನಿಲ್ಲುತ್ತಿದ್ದಳು. ಭವ್ಯಳ ಬಾಯಲ್ಲೂ ಗುಳ್ಳೆ ಎದ್ದು ಏನೂ ಸೇರದಿದ್ದಾಗ ಆ ಎಳನೀರೇ ಜೀವ ಹಿಡಿದದ್ದು. ಮಗಳಿಗೆ ಕುಡಿಸುವಾಗ ಶಾಂತಮಲ್ಲಮ್ಮನಿಗೆ ಕೃತಜ್ಞತೆ ಉಕ್ಕುವುದು, ಮರುಕ್ಷಣವೇ ಸಿಟ್ಟು ಬರುವುದು. “ಇರೋ ಮುಯ್ಯೇ ತೀರ್ಸಿಲ್ಲ, ಮ್ಯಾಲೆ ಮ್ಯಾಲೆ ಏರ್ತಾವ್ಳೆ!” ಎಂದು ಗೊಣಗುತ್ತಿದ್ದಳು.

ಒಂದು ಮಧ್ಯಾಹ್ನ ಪುಟ್ಟಮಲ್ಲಮ್ಮ ಏನನ್ನೂ ತರಲಿಲ್ಲ. ಗೋಡೆಯಾಚೆ ಸುಮ್ಮನೆ ನಿಂತಿದ್ದಳು. ಶಾಂತಮಲ್ಲಮ್ಮ ಹಿತ್ತಿಲ ಬಾಗಿಲಿಗೆ ಬಂದು, “ಏನಾಯ್ತಕ್ಕ?” ಎಂದಳು.

“ಉಳ ಮೇಯೋದ ನಿಲ್ಸೋ ಅಂಗೆ ಕಾಣ್ತದ ಕಣವ್ವ. ನಾಳ ಇಲ್ದಿದ್ರೆ ನಾಡಿದ್ದು ಅಣ್ಣಾಯ್ತವ. ಮ್ಯಾಗಲ ಬೀದಿಯೋರ ಕರದೆ. ನಿಮ್ ಬೀದಿಗೆ ಕಾಲಿಡಲ್ಲ ಅಂದ್ಬುಟ್ರು. ಒಬ್ಬಳೇ ಏಟಂತ ಆಯ್ಲಿ?”

“ಯಜಮಾನ್ರ ಕೇಳ್ದಾ?”

“ಕೇಳ್ದೆ. ಆದಷ್ಟ ಆಯ್ಕೊ, ಮಿಕ್ಕಿದ್ದು ತಿಪ್ಪೆಗೆ ಅಂದ್ರು.”

ಶಾಂತಮಲ್ಲಮ್ಮನಿಗೆ ಕಿವಿಯಲ್ಲಿ ಕಾದ ಸೀಸ ಹೊಯ್ದಂತಾಯಿತು. ತಿಪ್ಪೆಗೆ ಹೋಗುವುದು ಬರೀ ಹುಳುವಲ್ಲ. ಆ ಹೆಂಗಸಿನ ಮಳೆಗಾಲದ ತನಕದ ಅನ್ನ. ಅದೂ ತಾನು ಒಂದು ಗೋಡೆಯ ಈಚೆ ಗಟ್ಟಿಮುಟ್ಟಾದ ಎರಡು ಕೈ ಇಟ್ಟುಕೊಂಡು ಕೂತಿರುವಾಗ. ತನಗೇನೋ ಚಿಕ್ಕಂದಿನಲ್ಲೇ ಅಮ್ಮ ಬಂದು ಹೋಗಿತ್ತು, ಮತ್ತೆ ಬರುವುದಿಲ್ಲ. ಆದರೆ ಪುಟ್ಟಮಲ್ಲಮ್ಮನಿಗೆ ಎಂದೂ ಬಂದಿರಲಿಲ್ಲ. ಇವಳು ಆ ಮನೆಗೆ ಹೋಗಿ ಪಕ್ಕದಲ್ಲಿ ಕೂತು, ಅವಳು ಹಾಸಿಗೆ ಹಿಡಿದರೆ ನೀರು ಕೊಡುವವರು ಯಾರು? ಹೋಗುವಂತಿಲ್ಲ, ಬಿಡುವಂತೆಯೂ ಇಲ್ಲ. ಆ ದಿನವೆಲ್ಲ ಅವಳು ಅದೇ ಯೋಚನೆಯಲ್ಲಿ ಹಿತ್ತಿಲಿಗೂ ನಡುಮನೆಗೂ ಅಲೆದಳು.

ಮರುದಿನ ಬೆಳಿಗ್ಗೆ ಗೋಡೆಯ ಹತ್ತಿರ ಹೋಗಿ ಕೂಗಿದಳು. “ಪುಟ್ಟಕ್ಕ, ನಾ ಉಳದ ತಾವ್ಕೆ ಬರಂಗಿಲ್ಲ. ಉಳವೇ ನನ್ ತಾವ್ಕೆ ಬರ್ಲಿ. ತಟ್ಟೆ ತಂದು ಗೋಡೆ ಮ್ಯಾಲಿಟ್ಟು ಆ ಕಡೆ ಸರ್ಕೊ. ನಾ ಎತ್ಕಂಡೋಗಿ ಆಯ್ತೀನಿ. ಚಂದ್ರಂಕಿಯೂ ಇತ್ಲಾಗೇ ಇರ್ಲಿ.”

ಪುಟ್ಟಮಲ್ಲಮ್ಮ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಆ ಸೀಮೆಯಲ್ಲಿ ರೇಷ್ಮೆ ಸಾಕುವವರು ಯಾರೂ ಇಂಥ ಮಾತು ಆಡುವುದಿಲ್ಲ. ಮನೆಗೆ ಬಂದ ಹುಳು ಗೂಡಾಗಿಯೇ ಹೊಸ್ತಿಲು ದಾಟಬೇಕು. ಹುಳುವಾಗಿ ದಾಟಿದರೆ ಮನೆಯ ಲಕ್ಷ್ಮಿ ಅದರ ಜೊತೆಗೇ ಹೋಗುತ್ತಾಳೆ ಎಂಬ ನಂಬಿಕೆ. ಅದೂ ಅಮ್ಮ ಬಂದ ಮನೆಗೆ! ಅವಳು ಓಡಿಹೋಗಿ ದೂರದಿಂದಲೇ ಗುರುಮಲ್ಲಯ್ಯನಿಗೆ ಹೇಳಿದಳು. ಗುರುಮಲ್ಲಯ್ಯ ತನ್ನ ಹಿತ್ತಿಲಿಗೆ ಬಂದ. ಸಾಲಿನ ಹಿತ್ತಿಲುಗಳ ನಡುವೆ ಇರುವುದು ಎದೆಯೆತ್ತರದ ಮೋಟುಗೋಡೆಗಳು. ಒಂದು ಕಡೆ ಕೂಗಿದರೆ ಎಲ್ಲರಿಗೂ ಕೇಳುತ್ತದೆ. ಹಾಗಾಗಿ ಪಂಚಾಯಿತಿ ಹಿತ್ತಿಲಲ್ಲೇ ನಡೆಯಿತು.

“ಸಾಂತಿ, ನಿಂಗೇನ್ ತಲೆ ಕೆಟ್ಟಿದ್ದದಾ? ಅಮ್ಮ ಮುನಿಸ್ಕಂಡ್ರೆ ಯಾರು ಒಣೆ?” ಎಂದ ಗುರುಮಲ್ಲಯ್ಯ.

“ಯಾಕ್ ಮುನಿಸ್ಕಂಡಾಳು ಯಜಮಾನ್ರೆ? ಅಮ್ಮನ ಮನೇಲಿ ಒಗ್ಗರಣೆ ಆಕಂಗಿಲ್ಲ. ಉಳದ ಮನೇಲೂ ಆಕಂಗಿಲ್ಲ, ಘಾಟು ತಗುಲಿದ್ರೆ ಸಾಯ್ತವ. ಅಮ್ಮನ ಮನೇಲಿ ಬೀಡಿ ಸೇದಂಗಿಲ್ಲ, ಉಳದ ಮನೇಲೂ ಸೇದಂಗಿಲ್ಲ. ಮೈ ತೊಳ್ಕಂಡು ಮಡೀಲಿ ಒಳಿಕ್ಕೆ ಬರ್ಬೇಕು, ಕಂಡೋರೆಲ್ಲ ನುಗ್ಗಂಗಿಲ್ಲ, ಮನೆ ತಂಪಾಗಿರ್ಬೇಕು. ಎರಡೂ ಒಂದೇ ತಾನೇ? ಈ ಊರ್ನಾಗೆ ಈಗ ಉಳ ಮಡಗಕ್ಕೆ ಅಮ್ಮ ಬಂದಿರೋ ಮನೆಯಷ್ಟು ಚೊಕ್ಕವಾದ ಮನೆ ಇನ್ನೊಂದಿದ್ರೆ ತೋರ್ಸಿ!”

ಸಾಲಿನ ಯಾವುದೋ ಹಿತ್ತಿಲಿಂದ ಯಾರೋ ಕಿಸಕ್ಕೆಂದು ನಕ್ಕರು. ಗುರುಮಲ್ಲಯ್ಯ ಕೆಮ್ಮಿ, “ಅದ್ಸರಿ, ಹೊಸ್ತಿಲು?” ಎಂದ.

“ಹೊಸ್ತಿಲು ದಾಟಂಗಿಲ್ಲ ಅಂತ ತಾನೇ ಇರದು? ಮುಂಬಾಗ್ಲ ಹೊಸ್ತಿಲ ಯಾರು ದಾಟುಸ್ತಾವ್ರೆ? ಹಿತ್ಲು ಮನೆಯೊಳಗೇ ಲೆಕ್ಕ. ಗೋಡೆ ದಾಟಬಾರ್ದು ಅಂತ ಯಾವ ಹಿರೀಕ ಯೇಳವ್ನೆ, ನೀವೇ ಯೇಳಿ.”

ಗುರುಮಲ್ಲಯ್ಯನಿಗೆ ಅಂಥ ಹಿರೀಕ ಯಾರೂ ನೆನಪಾಗಲಿಲ್ಲ. “ಏನಾರ ಮಾಡ್ಕೊಳಿ, ನನ್ನ ಕೇಳ್ಬ್ಯಾಡಿ” ಎಂದು ಒಳಗೆ ಹೋದ. ಯಜಮಾನನೊಬ್ಬ ಒಪ್ಪಿಗೆ ಕೊಡುವ ರೀತಿಯೇ ಅದು. ಪುಟ್ಟಮಲ್ಲಮ್ಮ ಮಾತ್ರ ಇನ್ನೂ ಗೋಡೆಯ ಹತ್ತಿರ ನಿಂತೇ ಇದ್ದಳು. ತನ್ನ ಕಣ್ಣೆದುರಿಗಿಲ್ಲದ ಹುಳುವನ್ನು ನೆನೆದರೇ ಅವಳಿಗೆ ಭಯ. “ಸಾಂತವ್ವ, ಅವು ಕೆಟ್ಟೋದ್ರೆ?” ಎಂದಳು.

“ನನ್ ಕೈಲಿ ಕೆಟ್ರೆ ನನ್ ಮುಂದಿನ ಬೆಳೆ ನಿಂದು. ಮಾದಪ್ಪನಾಣೆ. ತತ್ತಾ ತಟ್ಟೆಯ” ಎಂದಳು ಶಾಂತಮಲ್ಲಮ್ಮ.

ಹುಳು ಹಣ್ಣಾದ ದಿನ ಬಿಸಿಲು ಹುಟ್ಟುವ ಹೊತ್ತಿಗೇ ಮೊದಲ ತಟ್ಟೆ ಗೋಡೆಯ ಮೇಲೆ ಬಂತು. ಪುಟ್ಟಮಲ್ಲಮ್ಮ ಇಟ್ಟು ಹಿಂದೆ ಸರಿದಳು. ಇವಳು ಮುಂದೆ ಬಂದು ಎತ್ತಿಕೊಂಡಳು. ಹಿತ್ತಿಲ ಸೋಗೆ ಚಪ್ಪರದ ನೆರಳಲ್ಲಿ ಕೂತು ಕೈ ಹಾಕಿದಳು. ಇಷ್ಟು ದಿನ ಸುಮ್ಮನಿದ್ದ ಬೆರಳಿಗೆ ಹಬ್ಬವಾಯಿತು. ಹಳದಿ ಬಂದದ್ದು, ತಲೆಯೆತ್ತಿದ್ದು, ಬಾಯಲ್ಲಿ ನೂಲಿನ ಎಳೆ ಇಣುಕಿದ್ದು, ಒಂದೊಂದನ್ನೂ ಹೂ ಬಿಡಿಸುವಂತೆ ಎತ್ತಿ ಚಂದ್ರಂಕಿಗೆ ಬಿಡುತ್ತ ಹೋದಳು. ತುಂಬಿದ ಚಂದ್ರಂಕಿಯನ್ನು ಗಾಳಿಯಾಡುವಂತೆ ಓರೆಯಾಗಿ ನಿಲ್ಲಿಸಿದಳು. ಭವ್ಯ ಒಳಗೆ ಬೇವಿನೆಲೆಯ ಮೇಲೆ ಮಲಗಿದ್ದವಳು ಬಾಗಿಲ ಸಂದಿಯಿಂದ ನೋಡುತ್ತ ಮೈ ಕೆರೆಯುವುದನ್ನೇ ಮರೆತಳು.

ಆದರೆ ಎರಡು ಕೈ ಎಷ್ಟಾದರೂ ಎರಡೇ ಕೈ. ಬಿಸಿಲೇರಿದಂತೆ ಹುಳು ಒಂದೇ ಸಮನೆ ಹಣ್ಣಾಗತೊಡಗಿದವು. ಗೋಡೆಯ ಮೇಲೆ ತಟ್ಟೆಗಳು ಕಾಯುತ್ತಿದ್ದವು. ಆಚೆ ಪುಟ್ಟಮಲ್ಲಮ್ಮನೂ ಕೂತು ಆರಿಸುತ್ತಿದ್ದಳು, ನಡುನಡುವೆ ಎದ್ದು ಬಂದು, “ಅತ್ತುತಾವಾ ಸಾಂತವ್ವ? ನೂಲು ಬುಡ್ತಾವಾ?” ಎಂದು ಕೇಳುತ್ತಿದ್ದಳು. “ಸಂದಾಗಿ ಬುಡ್ತಾವ, ನೀ ನಿನ್ ಕೆಲ್ಸ ನೋಡು” ಎಂದು ಉತ್ತರ. ಶಾಂತಮಲ್ಲಮ್ಮ ಹಾಗೇನೋ ಅಂದಳು, ಆದರೆ ಒಂದು ತಟ್ಟೆಯ ಮೂಲೆಯಲ್ಲಿ ಕೆಲವು ಹುಳು ಆಗಲೇ ಕಡ್ಡಿಗಳ ನಡುವೆ ನೂಲು ಸುತ್ತತೊಡಗಿದ್ದನ್ನು ಅವಳು ಕಂಡಿದ್ದಳು. ಮಧ್ಯಾಹ್ನದೊಳಗೆ ಆಗದಿದ್ದರೆ ಅರ್ಧಕ್ಕರ್ಧ ಹೋಯಿತು. ಇಟ್ಟ ಆಣೆ ನೆನಪಾಯಿತು.

ಇಷ್ಟು ವರ್ಷ ಅವಳು ಯಾರನ್ನೂ ಬಾ ಎಂದು ಬೇಡಿಕೊಂಡವಳಲ್ಲ. ಮುಯ್ಯಿ ಲೆಕ್ಕ ಹಾಕಿ ಕರೆದವಳು. ಈಗ ಅಮ್ಮ ಬಂದು ಸೋತು ಕೂತ ಮನೆಗಳಿಂದ ಯಾವ ಲೆಕ್ಕದಲ್ಲಿ ಕೇಳುವುದು? ಅವಳು ಎದ್ದಳು. ಇನ್ನೊಂದು ಕಡೆಯ ಗೋಡೆಗೆ ಹೋಗಿ ನಿಂತು, ಸಾಲಿಗೆಲ್ಲ ಕೇಳುವಂತೆ ಕೂಗಿದಳು: “ಯಾರ ಮನೇಲಿ ಕೈ ಆಡೋರವ್ರೆ? ಪುಟ್ಟಕ್ಕನ ಉಳ ಓಯ್ತಾವ. ನಂಗೊಬ್ಬಳಿಗೇ ಆಯ್ತಾ ಇಲ್ಲ. ಒಂದೊಂದು ತಟ್ಟೆ ಇಡ್ಕಳಿ!”

ಪಕ್ಕದ ಗೋಡೆಯ ಮೇಲೆ ಎರಡು ಕೈ ಕಂಡವು, ಒಣಗಿದ ಹೊಪ್ಪಳೆಯ ಕೈ. “ಇತ್ಲಾಗ್ ಕೊಡಕ್ಕ.” ಅದರಾಚೆ ಇನ್ನೊಂದು ಜೊತೆ. ತಟ್ಟೆ, ಚಂದ್ರಂಕಿಗಳು ಹಿತ್ತಿಲಿಂದ ಹಿತ್ತಿಲಿಗೆ ಗೋಡೆ ಹತ್ತಿ ಇಳಿದು ಸಾಗತೊಡಗಿದವು. ಅಮ್ಮ ಇಳಿದು ಎದ್ದು ಕೂತಿದ್ದವರು, ಅಮ್ಮನ ಸೇವೆಗೆ ಕೂತಿದ್ದವರು, ಬೇಸರದಲ್ಲಿ ಗೋಡೆ ನೋಡುತ್ತ ದಿನ ನೂಕುತ್ತಿದ್ದವರು, ಎಲ್ಲರೂ ತಂತಮ್ಮ ಹಿತ್ತಿಲಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತರು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಯಾರೋ ಸೋಬಾನೆ ಎತ್ತಿಕೊಂಡರು. ಗೋಡೆಯಾಚೆಯಿಂದ ಸೊಲ್ಲು ಸೇರಿತು. ಕೊನೆಗೆ ಸಾಲಿನ ತುದಿಯಿಂದ ಗುರುಮಲ್ಲಯ್ಯನ ಗಡಸು ದನಿ ಬಂತು. “ಎಲ್ಲಾರ್ಗೂ ಕೊಟ್ರಿ, ನನ್ ಮನೆ ಏನ್ ಪಾಪ ಮಾಡಿತ್ತು?”

ಹೊತ್ತು ಮುಳುಗುವಷ್ಟರಲ್ಲಿ ತಟ್ಟೆಗಳೆಲ್ಲ ಬರಿದಾಗಿದ್ದವು. ಮರುದಿನ ಉಳಿದ ಹಿಂದುಹುಳುಗಳನ್ನೂ ಆರಿಸಿದರು. ಆ ಬೀದಿಯ ಪ್ರತಿ ಹಿತ್ತಿಲಲ್ಲೂ ಪುಟ್ಟಮಲ್ಲಮ್ಮನ ಚಂದ್ರಂಕಿ ನಿಂತಿತ್ತು, ಪ್ರತಿ ಮನೆಯವರೂ ಕಾಗೆ ಓಡಿಸುತ್ತ ಇರುವೆ ಕಾಯುತ್ತ ಅದನ್ನು ತಮ್ಮದೇ ಬೆಳೆಯಂತೆ ನೋಡಿಕೊಂಡರು. ಗೂಡು ಗಟ್ಟಿಯಾದ ಮೇಲೆ ಬಿಡಿಸಿ, ಬಿಸಿಲಲ್ಲಿ ಆರಿದ ಪುಟ್ಟಿಗಳಲ್ಲಿ ತುಂಬಿ, ಬಂದ ದಾರಿಯಲ್ಲೇ ಗೋಡೆ ದಾಟಿಸಿ ಕಳಿಸಿದರು. ಕೆಟ್ಟ ಗೂಡು ಇರಲಿಲ್ಲವೆಂದಲ್ಲ. ಎಲ್ಲ ಬೆಳೆಯಲ್ಲೂ ಇರುವಷ್ಟೇ ಇತ್ತು. ಪುಟ್ಟಮಲ್ಲಮ್ಮ ಗೂಡುಗಳನ್ನು ಕಣ್ಣಿಗೊತ್ತಿಕೊಂಡು, ತನ್ನ ಮುಂಬಾಗಿಲ ಹೊಸ್ತಿಲು ದಾಟಿಸಿ, ಚಾಮರಾಜನಗರದ ಗೂಡಿನ ಮಾರುಕಟ್ಟೆಗೆ ಹೊರಡಿಸಿದಳು.

ಭವ್ಯಳಿಗೆ ಬೇವಿನ ನೀರು ಹಾಕಿ, ಹೊಪ್ಪಳೆಯೆಲ್ಲ ಉದುರಿ, ಬಾಗಿಲ ಸೊಪ್ಪು ತೆಗೆದ ದಿನ ಪುಟ್ಟಮಲ್ಲಮ್ಮ ಬಹಳ ಕಾಲದ ಮೇಲೆ ಮುಂಬಾಗಿಲಿಂದ ಒಳಗೆ ಬಂದಳು. ಹುಡುಗಿಯ ತಲೆ ಸವರಿ ನಡುಮನೆಯಲ್ಲಿ ಕೂತಳು. ಶಾಂತಮಲ್ಲಮ್ಮ ಈ ಗಳಿಗೆಗಾಗಿಯೇ ಕಾಯುತ್ತಿದ್ದವಳು. ಎದುರಿಗೆ ಬಂದು ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಗೆದ್ದವಳ ದನಿಯಲ್ಲಿ ಹೇಳಿದಳು: “ಅಂತೂ ನಿನ್ ಮುಯ್ಯಿ ತೀರಿಸ್ಬುಟ್ಟೆ ಕಣಕ್ಕ. ಇನ್ನ ಬಾಕಿ ಇಲ್ಲ.”

ಪುಟ್ಟಮಲ್ಲಮ್ಮ ನಗುತ್ತಾಳೆಂದು ಅವಳು ಎಣಿಸಿದ್ದಳು. ಪುಟ್ಟಮಲ್ಲಮ್ಮನ ಮುಖ ಬಾಡಿತು. ನೆಲ ನೋಡುತ್ತ ಮೆಲ್ಲನೆ ಅಂದಳು:

“ಯಾಕವ್ವ ಅಂಗೆ ತೀರಿಸ್ಬುಡ್ತೀಯೆ? ಪರ್ತಿ ಸಲವೂ ಬಂದಷ್ಟೇ ಬೇಗ ತೀರಿಸ್ಬುಟ್ಟು ಕೈ ತೊಳ್ಕತೀಯ. ನಂಗೆ ಗಂಡಿಲ್ಲ, ಮಕ್ಕಳಿಲ್ಲ. ನಿನ್ ಬಾಗ್ಲಿಗೆ ಬರಕ್ಕೆ ಇರೋದು ಅದೊಂದೇ ದಾರಿ, ಇವಳು ನಂಗೊಂದು ದಿನ ಬಾಕಿ ಅವ್ಳೆ ಅನ್ನೋದು. ಬಾಕಿ ಇಲ್ಲ ಅಂದ್ಬುಟ್ರೆ ನಾಳ ಯಾವ ಸಲಿಗೇಲಿ ಬರ್ಲಿ, ಯೇಳು.”

ಶಾಂತಮಲ್ಲಮ್ಮನಿಗೆ ತಾನು ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡು ಬಂದದ್ದು ಈ ಹೆಂಗಸಿನ ಮುಖಕ್ಕೆ ಬಾಗಿಲು ಹಾಕಿದಂತಿತ್ತು ಎಂದು ತಿಳಿದು ನಾಚಿಕೆಯಾಯಿತು. ಸೊಂಟದ ಸೆರಗು ಬಿಚ್ಚಿದಳು. ಪುಟ್ಟಮಲ್ಲಮ್ಮನ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಕುವಂತೆ ಕೂತಳು. ಆಮೇಲೆ ಯಾವತ್ತಿನ ಗಟ್ಟಿ ದನಿಯಲ್ಲೇ, ಇನ್ನು ಯಾರೂ ಎದುರಾಡಬಾರದು ಎನ್ನುವ ಹಾಗೆ ಅಂದಳು:

“ಲೆಕ್ಕ ತಪ್ಪಿದ್ದದ ಕಣಕ್ಕ. ನಾನು ನಿಂಗೆ ಇನ್ನೂ ಬೇಕಾದಷ್ಟು ದಿನ ಬಾಕಿ ಇವ್ನಿ. ಕರೀತಾ ಇರು, ಬತ್ತಾ ಇರ್ತೀನಿ.”